ಶಿವಾಪುರದ ಕನಸು

ಚಂದ್ರಶೇಖರ ಕಂಬಾರರ ‘ಹೇಳತೇನ ಕೇಳ’ (1964) ಎಂಬ ನೀಳ್ಗವನವನ್ನು ಓದಿದವರು ಮೊದಲು ಕೇಳುವ ಪ್ರಶ್ನೆ, “ಆ ರಾಕ್ಷಸನು ಯಾರು?” ಎಂಬುದು. ರಾಕ್ಷಸನೊಬ್ಬನು ಊರ ಗೌಡನನ್ನು ಕೊಂದು, ಅವನದೇ ರೂಪವನ್ನು ತಾಳಿ, ಅವನ ಮನೆಯನ್ನು ಹೊಕ್ಕು ಗೌಡಿಕೆ ನಡೆಸುತ್ತಾನೆ, ಊರು ಬರಡಾಗುತ್ತದೆ. ಇವನು ಪರಕೀಯರ ಆಳ್ವಿಕೆಯೆಂದು ಕೆಲವರು, ಹೊಸ ನಾಗರಿಕತೆಯೆಂದು ಕೆಲವರು ಅರ್ಥ ಹೇಳಬಹುದು. ಎರಡೂ ಅಸಂಗತವೇನಲ್ಲ. ಆದರೆ ಹೆಸರಿಟ್ಟೊಡನೆ ಭಯವು ಇಳಿದುಹೋಗುತ್ತದೆ. ಕವಿತೆ ಒಡೆದ ಒಗಟಿನಂತಾಗುತ್ತದೆ.

ಕನಸಿನಲ್ಲಿ ನಮ್ಮನ್ನು ಹೆದರಿಸುವುದು ಅಪರಿಚಿತ ಮುಖವಲ್ಲ. ಮುಖವು ತಂದೆಯದೇ, ದನಿಯೂ ತಂದೆಯದೇ. ಆದರೂ ಇವನು ಅವನಲ್ಲವೆಂಬ ಅರಿವು ಎಲ್ಲಿಂದಲೋ ಬರುತ್ತದೆ. ಈ ಕಾವ್ಯದ ಹುರುಳು ಇಲ್ಲಿದೆ. ಹಾಡುವವನಿಗೂ ಕೇಳುವ ನಮಗೂ ಗುಟ್ಟು ಗೊತ್ತು, ಊರವರಿಗೆ ತಿಳಿಯದು. ಹೆಸರಿನಲ್ಲಿರುವ ‘ಕೇಳ’ ಎಂಬ ಮಾತು ಲಾವಣಿಕಾರನ ವಾಡಿಕೆಯ ಕರೆಯಾಗಿದ್ದರೂ, ಕಥೆ ಬೆಳೆದಂತೆ ನಮ್ಮನ್ನು ಅಸಹಾಯಕ ಸಾಕ್ಷಿಗಳನ್ನಾಗಿ ಮಾಡುತ್ತದೆ.

ಇಂಗ್ಲೆಂಡಿನ ಟೋಲ್ಕೀನರಲ್ಲಿ ಇದಕ್ಕೆ ಹೋಲಿಸತಕ್ಕ ನಿದರ್ಶನವೊಂದುಂಟು. 1934ರಲ್ಲಿ ಪತ್ರಿಕೆಯೊಂದರಲ್ಲಿ ಬಂದ, ಕಡಲಾಚೆಯ ಮಾಯಾದ್ವೀಪಕ್ಕೆ ಹೋಗಿ ಬಂದವನ ಕವಿತೆಯನ್ನು ಅವರು 1962ರಲ್ಲಿ ತಿದ್ದಿ ತಮ್ಮ ಕಲ್ಪಿತ ಲೋಕದೊಳಕ್ಕೆ ತಂದರು. ಅದರ ಹಸ್ತಪ್ರತಿಯ ನೆತ್ತಿಯ ಮೇಲೆ ಯಾರೋ ‘ಫ್ರೋಡೋನ ಕನಸು’ ಎಂದು ಗೀಚಿದ್ದರೆಂಬುದು ಮುನ್ನುಡಿಯ ಕಟ್ಟುಕಥೆ. ಆ ಗೀಚು ಕನಸಿನ ಅರ್ಥವನ್ನು ಹೇಳುವುದಿಲ್ಲ. ಕನಸು ಯಾರದೆಂಬುದನ್ನು ಮಾತ್ರ ಹೇಳುತ್ತದೆ. ಅಲ್ಲಿ ಲೋಕ ಮೊದಲು ಸಿದ್ಧವಾಗಿ, ಕವಿತೆ ಆಮೇಲೆ ಅದರೊಳಗೆ ಬಂದಿತು. ಕಂಬಾರರಲ್ಲಿ ಕವಿತೆಯೇ ಮೊದಲು. ‘ಜೋಕುಮಾರಸ್ವಾಮಿ’, ‘ಕರಿಮಾಯಿ’, ‘ಶಿಖರಸೂರ್ಯ’ಗಳ ಶಿವಾಪುರವು ಅನಂತರ ಬೆಳೆಯಿತು. ಅಲ್ಲದೆ ಇಲ್ಲಿಯ ಕನಸು ಒಬ್ಬನದಲ್ಲ, ಇಡೀ ಊರಿನದು.

1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದ ನಮ್ಮ ಆದವಾನಿ ಸೀಮೆಯ ಮಕ್ಕಳಿಗೆ ಇದನ್ನು ಓದಿಸುವಾಗ ಒಂದು ತೊಡಕುಂಟು. ‘ಹೇಳತೇನ’ ಎಂಬುದನ್ನು ಅವರು ಅಚ್ಚಿನ ತಪ್ಪೆಂದು ಭಾವಿಸುತ್ತಾರೆ. ಮನೆಯ ಮಾತನ್ನು ಪುಸ್ತಕದಲ್ಲಿ ಕಾಣುವ ಅಭ್ಯಾಸವಿಲ್ಲದುದೇ ಇದಕ್ಕೆ ಕಾರಣ. ಅದನ್ನು ತಪ್ಪಿಸಿದವರು ಕೆಂಪು ಶಾಯಿಯ ನಾವೇ. ‘ಹೇಳುತ್ತೇನೆ, ಕೇಳು’ ಎಂದು ತಿದ್ದಿ ನೋಡಿ: ಲಾವಣಿಕಾರನು ಎದ್ದುಹೋಗಿ ಅಲ್ಲಿ ಉಪಾಧ್ಯಾಯನು ನಿಂತಿರುತ್ತಾನೆ! ಬಯಲಾಟವನ್ನು ನೋಡಿದ ಹುಡುಗನಿಗಾದರೋ ವೇಷದೊಳಗೆ ಬೇರೊಬ್ಬನಿರುವುದು ಹೊಸ ಸಂಗತಿಯಲ್ಲ. ಬೆಳಗಾದ ಮೇಲೂ ವೇಷ ಕಳಚದಿರುವುದೇ ಶಿವಾಪುರದ ಭಯವೆಂದರೆ ಅವನು ಕೂಡಲೇ ಗ್ರಹಿಸುತ್ತಾನೆ.

ಈ ಕಥೆಯ ಎಳೆಯನ್ನೇ ಕಂಬಾರರು ‘ಋಷ್ಯಶೃಂಗ’ ನಾಟಕದಲ್ಲಿ ಮುಂದುವರಿಸಿದ್ದಾರೆ. ಅದನ್ನು ಮೊದಲು ಓದಿಸಿ, ಆ ದೀಪವನ್ನು ಹಿಡಿದು ಕವಿತೆಯೊಳಗೆ ಹೋಗುವ ಕ್ರಮ ನನಗೆ ಒಪ್ಪಿಗೆಯಿಲ್ಲ. ಮೊದಲು ಕತ್ತಲೆಯಲ್ಲಿ ಕವಿತೆಯನ್ನು ಗಟ್ಟಿಯಾಗಿ ಹಾಡಿಸಬೇಕು. ನಾಟಕಕ್ಕೆ ಮುಂದಿನ ವಾರ ಸಾಕು.