ಬಗ್ದಾದಿನ ನುಣುಪು ಹಾಳೆ

ಚೀನಾದ ಕುಂಚಕ್ಕೆ ಶಾಯಿ ಹೀರುವ ಮೆತ್ತನೆಯ ಕಾಗದ ಒಗ್ಗುತ್ತಿತ್ತು. ಅರಬ್ಬಿ ಲಿಪಿಕಾರನ ಕೈಯಲ್ಲಿದ್ದದ್ದು ಜೊಂಡಿನ ಲೇಖನಿ. ಒರಟು ಹಾಳೆಯಲ್ಲಿ ಅದರ ಮೊನೆ ಸಿಕ್ಕಿಕೊಳ್ಳುತ್ತದೆ, ಶಾಯಿ ಹರಡುತ್ತದೆ. ಇದಕ್ಕೆ ಅರಬ್ ನಾಡಿನ ಕಾಗದಗಾರರು ಕಂಡುಕೊಂಡ ಉಪಾಯ ನನಗೆ ಬಲು ಇಷ್ಟ. ಅಗಸೆನಾರಿನ ಹಳೆಬಟ್ಟೆ, ಸೆಣಬಿನ ಹಗ್ಗಗಳನ್ನು ನೆನೆಸಿ, ಕುಟ್ಟಿ, ಜಾಲರಿಯ ಅಚ್ಚಿನಲ್ಲಿ ಎತ್ತಿ ಒಣಗಿಸಿದ ಹಾಳೆಗೆ, ಸೀರೆಗೆ ಹಾಕುವಂತೆ, ಗಂಜಿ ಹಾಕುತ್ತಿದ್ದರು. ಆಮೇಲೆ ನುಣ್ಣನೆಯ ಕಲ್ಲಿನಿಂದ ಉಜ್ಜಿ ಉಜ್ಜಿ ಹೊಳಪೇರಿಸುವುದು. ಎಂಥ ತಾಳ್ಮೆ! ಅಂಥ ಹಾಳೆಯ ಮೇಲೆ ಲೇಖನಿ ಸರಾಗವಾಗಿ ಜಾರುತ್ತದೆ. ಅಕ್ಷರದ ಅಂಚು ಚೂಪಾಗಿ ನಿಲ್ಲುತ್ತದೆ. ಬಗ್ದಾದಿನಲ್ಲಿ ಕಾಗದ, ಪುಸ್ತಕ ಮಾರುವವರದೇ ಒಂದು ಪೇಟೆಯಿತ್ತು. 866ರಲ್ಲಿ ಕಾಗದದ ಮೇಲೆ ಪ್ರತಿ ಮಾಡಿದ ಅಬು ಉಬೈದ್ ಎಂಬ ವಿದ್ವಾಂಸರ ಗ್ರಂಥವೊಂದು ನೆದರ್ಲೆಂಡ್ಸಿನ ಲೈಡನ್ನಿನಲ್ಲಿ ಇಂದಿಗೂ ಇದೆ.