ಸಭಾನಿರ್ಣಯದ ವಿಘ್ನಗಳು: ಕಾರ್ನ್‌ಫರ್ಡನ ಒಂದು ಕಿರುಹೊತ್ತಗೆ

ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ ಗ್ರೀಕ್ ತತ್ತ್ವಶಾಸ್ತ್ರದ ವಿದ್ವಾಂಸನಾಗಿದ್ದ ಎಫ್. ಎಂ. ಕಾರ್ನ್‌ಫರ್ಡನು 1908ರಲ್ಲಿ ‘ಮೈಕ್ರೊಕಾಸ್ಮೊಗ್ರಾಫಿಯಾ ಅಕಡೆಮಿಕಾ’ ಎಂಬ ಕಿರುಹೊತ್ತಗೆಯೊಂದನ್ನು ಪ್ರಕಟಿಸಿದನು. ವಿಶ್ವವಿದ್ಯಾನಿಲಯದ ರಾಜಕಾರಣಕ್ಕೆ ಕಾಲಿಡುವ ತರುಣನಿಗೆ ಅನುಭವಿಯೊಬ್ಬನು ಹೇಳುವ ಬುದ್ಧಿವಾದದ ರೂಪದಲ್ಲಿ ಅದು ರಚಿತವಾಗಿದೆ. ವಿನೋದಗ್ರಂಥವೆಂದೇ ಅದಕ್ಕೆ ಪ್ರಸಿದ್ಧಿ. ಆದರೆ ಆ ನಗೆಯ ಕೆಳಗೆ ವಿಚಾರಾರ್ಹವಾದ ಸಿದ್ಧಾಂತವೊಂದುಂಟು.

ಆ ಕಾಲದ ಕೇಂಬ್ರಿಜ್ಜಿನಲ್ಲಿ ಏಕಾಧಿಪತಿಯಿರಲಿಲ್ಲ. ಎಂ. ಎ. ಪದವೀಧರರ ಸೆನೆಟ್ ಸಭೆಯ ಮತವೇ ಕಡೆಯ ಮಾತು. ಇಂತಹ ಕಡೆಯಲ್ಲಿ ಕಾರ್ಯವು ಕೆಡುವುದು ಅಧಿಕಾರದ ಅಭಾವದಿಂದಲ್ಲ. ತಡೆಯುವ ಶಕ್ತಿ ಎಲ್ಲರಿಗೂ ಇದ್ದು, ತೊಡಗುವ ಹೊಣೆ ಯಾರಿಗೂ ಇಲ್ಲದಿರುವುದರಿಂದ. ಇಂದು ನ್ಯಾಯವನ್ನು ಮಾಡಿದರೆ ನಾಳೆ ಇನ್ನೂ ಹೆಚ್ಚಿನ ನ್ಯಾಯವನ್ನು ಕೇಳಿಯಾರೆಂಬ ಬೆಣೆಯ ವಾದ, ಸರಿಯಾದುದನ್ನು ಮಾಡಿದರೆ ಅದೇ ಮುಂದಕ್ಕೆ ಕಟ್ಟಾದೀತೆಂಬ ಪೂರ್ವೋದಾಹರಣೆಯ ವಾದ, ಕಾಲವು ಇನ್ನೂ ಪಕ್ವವಾಗಿಲ್ಲವೆಂಬ ವಾದ—ಇವುಗಳನ್ನು ಅವನು ಬಿಡಿಸಿ ತೋರಿಸುತ್ತಾನೆ. ಇವು ಯಾವ ಸೂಚನೆಗಾದರೂ ಒಪ್ಪುತ್ತವೆ. ಆದುದರಿಂದಲೇ ಯಾವುದನ್ನೂ ಪರೀಕ್ಷಿಸುವುದಿಲ್ಲ. ಕರಡಿನಲ್ಲಿ ಅಲ್ಪವಿರಾಮವೊಂದು ಕಣ್ಣಿಗೆ ಬಿದ್ದರೆ ಸಭೆಯೆಲ್ಲವೂ ಅದರ ಬೇಟೆಗೆ ಹೊರಡುವುದನ್ನೂ ಅವನು ಕಂಡಿದ್ದಾನೆ. ಸಾಹಿತ್ಯವನ್ನು ಓದಿದವರೇ ಈ ಬೇಟೆಯಲ್ಲಿ ಮುಂದು ಎಂಬ ಅವನ ಚುಚ್ಚುಮಾತನ್ನು ಸಾಹಿತ್ಯಾಧ್ಯಾಪಕರು ಅಲ್ಲಗಳೆಯುವುದು ಕಷ್ಟ.

ದುಷ್ಟರನ್ನು ಕಲ್ಪಿಸದಿರುವುದೇ ಗ್ರಂಥದ ದೊಡ್ಡ ಗುಣ. ಅದರಲ್ಲಿ ಬರುವವರೆಲ್ಲ ಸಭ್ಯರು, ಅಂಜುಬುರುಕರು ಮಾತ್ರ. ಕೆಲಸವನ್ನು ಸಾಧಿಸುವವರು ಸಭೆಯಲ್ಲಿ ವಾದಿಸುವವರಲ್ಲ, ಮಧ್ಯಾಹ್ನ ಬೀದಿಯಲ್ಲಿ ಅತ್ತಿತ್ತ ಅಡ್ಡಾಡುವವರು ಎಂಬ ಅವನ ಮಾತಿನಲ್ಲಿ ಹಾಸ್ಯಕ್ಕಿಂತ ವ್ಯಥೆಯೇ ಹೆಚ್ಚು.

ಆದರೆ ಈ ಉಪದೇಶವೆಲ್ಲವೂ ಒಳಗಿನವನಿಗೆ. ತಡೆಯಲ್ಪಟ್ಟ ನಿರ್ಣಯದ ಭಾರವು ಹೊರಗೆ ನಿಂತವರ ಮೇಲೆ ಹೇಗೆ ಬೀಳುವುದೆಂಬುದು ವಿಡಂಬನಕಾರನ ದೃಷ್ಟಿಗೆ ಮುಖ್ಯವಾಗಲಿಲ್ಲ. ಗರ್ಟನ್ ಕಾಲೇಜು ಸ್ಥಾಪಿತವಾದುದು 1869ರಲ್ಲಿ. ಅಲ್ಲಿಯೂ ನ್ಯೂನಮ್ ಕಾಲೇಜಿನಲ್ಲಿಯೂ ಓದಿ ಪರೀಕ್ಷೆಗಳಲ್ಲಿ ಉತ್ತೀರ್ಣರಾದ ಸ್ತ್ರೀಯರಿಗೆ ಪದವಿಯ ಹೆಸರನ್ನಾದರೂ ಕೊಡಬೇಕೆಂಬ ಸೂಚನೆಯು 1897ರಲ್ಲಿ ಸೆನೆಟ್ಟಿನ ಮುಂದೆ ಬಂದಿತು. ಹೆಸರನ್ನು ಕೊಟ್ಟರೆ ನಾಳೆ ಸದಸ್ಯತ್ವವನ್ನೂ ಕೇಳುವರೆಂದು ವಿರೋಧಿಗಳು ಅಂಜಿದರು. ಅದೇ ಬೆಣೆಯ ವಾದ. ಊರನ್ನು ಬಿಟ್ಟು ಹೋಗಿದ್ದ ಪದವೀಧರರು ರೈಲಿನಲ್ಲಿ ಬಂದು ಮತವಿತ್ತರು. ಪರವಾಗಿ 661, ವಿರೋಧವಾಗಿ 1,707. ಮತವಿತ್ತವರಲ್ಲಿ ಅನೇಕರಿಗೆ ಮರುದಿನ ಕೇಂಬ್ರಿಜ್ಜಿನಲ್ಲಿ ಯಾವ ಕೆಲಸವೂ ಇರಲಿಲ್ಲ. ಅಲ್ಲಿಯೇ ಉಳಿದು ಓದಬೇಕಾದವರಿಗೆ ಮತವಿರಲಿಲ್ಲ.

ಕಾರ್ನ್‌ಫರ್ಡನು ನಗುತ್ತ ವರ್ಣಿಸಿದ ವಿಳಂಬವು ಇಲ್ಲಿ ನಗೆಯಾಗಿ ಉಳಿಯುವುದಿಲ್ಲ. 1921ರಲ್ಲಿ ಸ್ತ್ರೀಯರಿಗೆ ದೊರೆತುದು ಪದವಿಯ ಹೆಸರು ಮಾತ್ರ. 1926ರ ನಿಬಂಧನೆಗಳಿಂದ ಅಧಿಕಾರವು ಸ್ಥಳದಲ್ಲಿರುವ ಅಧ್ಯಾಪಕಾದಿಗಳ ಸಭೆಗೆ ಸೇರಿತು. ಸ್ತ್ರೀಯರಿಗೆ ಪೂರ್ಣ ಪದವಿಯೂ ಸದಸ್ಯತ್ವವೂ ಲಭಿಸಿದುದು 1948ರಲ್ಲಿ. ಕಾರ್ನ್‌ಫರ್ಡನು ತೀರಿಕೊಂಡು ಆಗಲೇ ಐದು ವರ್ಷಗಳಾಗಿದ್ದುವು.