ಹಕ್ಕಿಯನ್ನು ನೋಡಿಯೋ, ನಕ್ಷೆಯನ್ನು ನೋಡಿಯೋ?

ಹಕ್ಕಿ ಯಾವುದೆಂದು ಹೇಳುವುದು ಒಂದು ಕೆಲಸ. ಅದರ ಉಪಪ್ರಭೇದ ಯಾವುದೆಂದು ಹೇಳುವುದು ಬೇರೆಯೇ ಕೆಲಸ. ಈಗ ಮಕ್ಕಳೂ ಮೇಷ್ಟ್ರುಗಳೂ ಹಕ್ಕಿಪಟ್ಟಿ ಬರೆಯುತ್ತಾರೆ, ಮೊಬೈಲಿನಲ್ಲಿ ಇ-ಬರ್ಡ್‌ಗೂ ಸೇರಿಸುತ್ತಾರೆ. ಸಂತೋಷವೇ. ಆದರೆ ಹಕ್ಕಿಯ ಎರಡು ಲ್ಯಾಟಿನ್ ಹೆಸರಿನ ಹಿಂದೆ ಮೂರನೆಯದೂ ಬಂದು ಕೂತರೆ ಒಂದು ಪ್ರಶ್ನೆ ಕೇಳಲೇಬೇಕು: ಈ ಮೂರನೆಯದು ಕಣ್ಣಿಗೆ ಕಂಡದ್ದೋ, ಪುಸ್ತಕದಿಂದ ಇಳಿಸಿದ್ದೋ?

ಸಲೀಂ ಅಲಿಯವರ ‘ದಿ ಬುಕ್ ಆಫ್ ಇಂಡಿಯನ್ ಬರ್ಡ್ಸ್’ 1941ರಲ್ಲಿ ಬಂತು. ಸಾಮಾನ್ಯರಿಗೆಂದು ಬರೆದ ಪುಸ್ತಕ. ಅವರೂ ಡಿಲನ್ ರಿಪ್ಲೆಯೂ ಸೇರಿ 1968ರಿಂದ 1974ರ ಒಳಗೆ ತಂದ ಹತ್ತು ಸಂಪುಟಗಳ ‘ಹ್ಯಾಂಡ್‌ಬುಕ್’ನ ದಾರಿ ಬೇರೆ. ಅಲ್ಲಿ ಒಂದೊಂದು ಉಪಪ್ರಭೇದಕ್ಕೂ ಒಂದೊಂದು ಸಂಖ್ಯೆ, ಅದು ಎಲ್ಲಿಂದ ಎಲ್ಲಿಯವರೆಗೆ ಉಂಟು ಎಂಬ ವಿವರ, ರೆಕ್ಕೆ, ಬಾಲ, ಕೊಕ್ಕಿನ ಅಳತೆ. ದೊಡ್ಡ ಕೆಲಸ, ಅನುಮಾನವಿಲ್ಲ. ಆದರೆ ಈ ಅಳತೆಗಳು ಸಂಗ್ರಹಾಲಯದ ಚರ್ಮಗಳನ್ನು ಪಕ್ಕಪಕ್ಕ ಇಟ್ಟು ನೋಡಿದವರ ಜ್ಞಾನ. ನಮ್ಮ ಅಡಿಕೆ ತೋಟದ ಹಕ್ಕಿ ಅಸ್ಸಾಮಿನ ನೆಂಟನನ್ನು ಪಕ್ಕದಲ್ಲಿ ಕೂರಿಸಿಕೊಂಡು ತೋರಿಸುವುದಿಲ್ಲ.

ಆಗ ಓದುಗ ಎಂತ ಮಾಡುತ್ತಾನೆ? ‘ಇದು ಪಶ್ಚಿಮ ಘಟ್ಟದ್ದು’ ಎಂದು ಪುಸ್ತಕದಲ್ಲಿರುವುದನ್ನು ನೋಡಿ ಹೆಸರು ಬರೆಯುತ್ತಾನೆ. ಬಹಳ ಸಲ ಅದು ಸರಿಯೇ ಇರಬಹುದು. ಆದರೆ ಅದು ಗುರುತಿಸಿದ್ದಲ್ಲ, ಊಹಿಸಿದ್ದು. ಊಹೆಯನ್ನು ದಾಖಲೆ ಮಾಡಿದರೆ ಹಳೆ ನಕ್ಷೆಯನ್ನೇ ನಕಲು ಮಾಡಿದ ಹಾಗೆ. ನಾಳೆ ಬೇರೆ ಕಡೆಯ ಹಕ್ಕಿ ಶಿರಿಯ ಹೊಳೆಯ ಬದಿಗೆ ಬಂದರೂ ಅದಕ್ಕೆ ಇಲ್ಲಿಯ ಹೆಸರೇ ಬೀಳುತ್ತದೆ. ನಷ್ಟ ಇರುವುದು ಅಲ್ಲಿ.

ಹಾಗಾದರೆ ಕಣ್ಣಿಗೆ ಏನೂ ಸಿಗುವುದಿಲ್ಲವೇ? ಸಿಗುತ್ತದೆ. ಕಾಡು ಮೈನಾ ಒಳ್ಳೆಯ ಉದಾಹರಣೆ. ಗೊರವಂಕದ ಕಣ್ಣಿನ ಸುತ್ತ ಇರುವ ಹಳದಿ ತೊಗಲು ಇದಕ್ಕಿಲ್ಲ, ಕೊಕ್ಕಿನ ಬುಡದಲ್ಲಿ ಸಣ್ಣ ಜುಟ್ಟು. ಉತ್ತರದ ಕಾಡು ಮೈನಾದ ಕಣ್ಣು ಹಳದಿ, ದಕ್ಷಿಣದ ‘ಮಹ್ರಾಟೆನ್ಸಿಸ್’ನದ್ದು ನೀಲಿ ಬೂದು. ದನದ ಹಿಂದೆ ನಡೆಯುವ ಹಕ್ಕಿಯನ್ನು ಹತ್ತಿರದಿಂದ ನೋಡಿ ಯಾರೂ ಇದನ್ನು ಹೇಳಬಹುದು. ಇಲ್ಲಿ ಮೂರನೆಯ ಹೆಸರು ಬರೆದರೆ ಅದಕ್ಕೆ ಆಧಾರ ಉಂಟು.

ಬೂದುತಲೆ ಮೈನಾದ ಕತೆ ಇನ್ನೂ ಸ್ವಾರಸ್ಯ. ನಮ್ಮ ಘಟ್ಟದ ಕಡೆ ಮರಿ ಮಾಡುವ ‘ಬ್ಲೈತಿ’ಯ ತಲೆ ಬೂದಲ್ಲ, ಬಿಳಿ! ಬೂದು ತಲೆಯದ್ದು ಹಿಮಾಲಯದ ಬುಡ, ಈಶಾನ್ಯದ ಕಡೆಯಲ್ಲಿ ಮರಿ ಮಾಡಿ ಚಳಿಗಾಲಕ್ಕೆ ದಕ್ಷಿಣಕ್ಕೆ ಬರುವಂಥದ್ದು. ಅಂದರೆ ಹೆಸರೇ ನಮ್ಮ ಹಕ್ಕಿಗೆ ಹೊಂದುವುದಿಲ್ಲ. ಇವೆರಡನ್ನೂ ಬೇರೆ ಬೇರೆ ಪ್ರಭೇದವೆಂದೇ ಈಗ ಹಲವು ಪಟ್ಟಿಗಳು ಹೇಳುತ್ತವೆ. ಹಿಂದೆ ‘ಬೂದುತಲೆ ಮೈನಾ’ ಎಂದಷ್ಟೇ ಬರೆದಿಟ್ಟ ಪಟ್ಟಿಯಿಂದ ಈಗ ಏನೂ ತಿಳಿಯುವುದಿಲ್ಲ. ‘ತಲೆ ಪೂರ್ತಿ ಬಿಳಿ, ಮೇ ತಿಂಗಳು’ ಎಂದು ಬರೆದಿದ್ದರೆ ಅದು ಇವತ್ತಿಗೂ ಉಪಯೋಗಕ್ಕೆ ಬರುತ್ತದೆ.

ಹಳದಿ ಸಿಪಿಲೆಯಲ್ಲಿ ಮಾತ್ರ ಜಾಗ್ರತೆ ಬೇಕು. ಗದ್ದೆ ಬೈಲಿಗೆ ಚಳಿಗಾಲದಲ್ಲಿ ಬರುವ ಇದರ ಗಂಡುಗಳ ತಲೆ ‘ಫೆಲ್ಡೆಗ್’ನಲ್ಲಿ ಕಪ್ಪು, ‘ಥುನ್‌ಬರ್ಗಿ’ಯಲ್ಲಿ ಕಡು ಬೂದು, ‘ಬೀಮಾ’ದಲ್ಲಿ ತೆಳು ಬೂದು, ಮೇಲೆ ಬಿಳಿ ಹುಬ್ಬು. ಚಿತ್ರದಲ್ಲಿ ಎಷ್ಟು ಸುಲಭ! ಆದರೆ ಆ ಬಣ್ಣ ಚೆನ್ನಾಗಿ ತುಂಬುವುದು ಮಾರ್ಚ್, ಏಪ್ರಿಲಿನಲ್ಲಿ, ಹಿಂದೆ ಹೊರಡುವ ಹೊತ್ತಿಗೆ. ನವೆಂಬರಿನ ಗದ್ದೆಯಲ್ಲಿ ಹೆಣ್ಣು, ಎಳೆಯವು ಎಲ್ಲ ಒಂದೇ ಮಾಸಲು. ಚಿತ್ರಪುಸ್ತಕಗಳು ಅತಿ ಚಂದದ ಗಂಡನ್ನೇ ದೊಡ್ಡದಾಗಿ ಬರೆದು ಓದುಗರಲ್ಲಿ ಇಲ್ಲದ ಧೈರ್ಯ ಹುಟ್ಟಿಸುತ್ತವೆ. ನನ್ನ ಮುಖ್ಯ ತಕರಾರು ಇದೇ.

ಇನ್ನೊಂದು ಎಡವಟ್ಟೂ ಉಂಟು. ರಾಜಹಕ್ಕಿಯ ಉದ್ದ ಬಾಲದ ಬಿಳಿ ಗಂಡು, ಉದ್ದ ಬಾಲದ ಕೆಂಗಂದು ಗಂಡು ಎರಡನ್ನೂ ನೋಡಿ ‘ಎರಡು ಜಾತಿ’ ಎನ್ನುವವರಿದ್ದಾರೆ. ಅವು ಒಂದೇ ಹಕ್ಕಿಯ ಎರಡು ವೇಷ. ಆದ್ದರಿಂದ ಬಣ್ಣದ ವ್ಯತ್ಯಾಸ ಕಂಡ ಕೂಡಲೇ ಉಪಪ್ರಭೇದಕ್ಕೆ ಹಾರಬಾರದು. ಗಂಡೋ ಹೆಣ್ಣೋ, ಎಳೆಯದೋ ಬಲಿತದ್ದೋ, ತಿಂಗಳು ಯಾವುದು, ಬೆಳಕು ಹೇಗಿತ್ತು, ಇಷ್ಟು ಮೊದಲು. ಮೊಬೈಲು ಚಿತ್ರದಲ್ಲಿ ಸಂಜೆಯ ಬಿಸಿಲು ಬೂದು ಬಣ್ಣವನ್ನೂ ಕಂದು ಮಾಡಿಬಿಡುತ್ತದೆ.

ಶಾಲೆಯ ಹಕ್ಕಿ ಪುಸ್ತಕದಲ್ಲಿ ಎರಡು ಕಲಂ ಹಾಕಿಸಿದರೆ ಸಾಕು: ‘ಕಂಡದ್ದು’ ಮತ್ತು ‘ಅಂದಾಜು’. ಕಣ್ಣಿನ ಬಣ್ಣ, ತಲೆಯ ಬಣ್ಣ, ಹುಬ್ಬು ಮೊದಲನೆಯದರಲ್ಲಿ. ಲ್ಯಾಟಿನ್ನಿನ ಮೂರನೆಯ ಹೆಸರು, ಖಾತ್ರಿ ಇಲ್ಲದಿದ್ದರೆ, ಎರಡನೆಯದರಲ್ಲಿ. ವಿದ್ವಾಂಸರು ಹೆಸರನ್ನು ಎಷ್ಟು ಸಲ ಬದಲಿಸಿದರೂ ಮೊದಲನೇ ಕಲಂ ಹಾಳಾಗುವುದಿಲ್ಲ.